ಡಾಕ್ಟರ್‌ಗೆ ಎಲ್ಲಾ ಹೇಳಿ, ಕೌಂಟರ್‌ನಲ್ಲಿ ಏನೂ ಹೇಳಬೇಡಿ

ಪ್ರಶ್ನೆ: ಡಾಕ್ಟ್ರೇ, ನನಗೆ 38 ವರ್ಷ, ಖಾಸಗಿ ಶಾಲೆಯಲ್ಲಿ ಟೀಚರ್. ಎರಡು ವರ್ಷದಿಂದ ಖಿನ್ನತೆಗೆ ಎಸ್ಸಿಟಾಲೊಪ್ರಾಮ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ತೋರಿಸೋದು ಮೈಸೂರಿನಲ್ಲಿ. ಯಜಮಾನರಿಗೆ ಗೊತ್ತು, ಮನೆಯಲ್ಲಿ ಬೇರೆ ಯಾರಿಗೂ ಗೊತ್ತಿಲ್ಲ. ಈಗ ಪಿತ್ತಕೋಶದಲ್ಲಿ ಕಲ್ಲು ಅಂತ ನಮ್ಮೂರಿನ ನರ್ಸಿಂಗ್ ಹೋಮ್‌ನಲ್ಲೇ ಆಪರೇಷನ್ ಹೇಳಿದ್ದಾರೆ. ಅಲ್ಲಿ ರಿಸೆಪ್ಷನ್‌ನಲ್ಲಿ ಕೂರುವ ಹುಡುಗಿ ನಮ್ಮ ಬೀದಿಯವಳು. ಹೋದ ವರ್ಷ ಒಂದು ಲ್ಯಾಬ್‌ನವರು ನನ್ನ ರಿಪೋರ್ಟನ್ನು ಮೈದುನನ ವಾಟ್ಸಾಪ್‌ಗೆ ಕಳಿಸಿದ್ದರು, ಆಗಿನಿಂದ ಭಯ. ಮಾತ್ರೆ ವಿಷಯ ಹೇಳಲೇಬೇಕಾ? ಹೇಳಿದರೆ ಅದು ಎಲ್ಲೆಲ್ಲಿಗೆ ಹೋಗುತ್ತೆ? ಆಭಾ ನಂಬರ್ ಬೇರೆ ಕೇಳುತ್ತಿದ್ದಾರೆ, ಕೊಡಲಾ?

ಉತ್ತರ: ಹೇಳಲೇಬೇಕು ಟೀಚರೇ. ಮೊದಲು ಇದನ್ನು ಮುಗಿಸಿಬಿಡೋಣ, ಯಾಕೆಂದರೆ ಉಳಿದದ್ದೆಲ್ಲಾ ಇದರ ಮುಂದೆ ಸಣ್ಣದು.

ನೀವು ತೆಗೆದುಕೊಳ್ಳುವ ಮಾತ್ರೆ ತುಂಬಾ ಜನ ತೆಗೆದುಕೊಳ್ಳುವ, ಒಳ್ಳೆಯ ಮಾತ್ರೆ. ಆದರೆ ಆಪರೇಷನ್ ಆದ ಮೇಲೆ ನೋವಿಗೆ ಅಂತ ಕೊಡುವ ಟ್ರಮಡಾಲ್ ಇಂಜೆಕ್ಷನ್ ಇದೆಯಲ್ಲ, ಅದರ ಜೊತೆ ಇದು ಕೆಲವೊಮ್ಮೆ ಜಗಳ ಆಡುತ್ತದೆ. ಮೈ ನಡುಗೋದು, ಬೆವರೋದು, ಎದೆ ಹೊಡೆದುಕೊಳ್ಳೋದು, ಮನಸ್ಸು ಗೊಂದಲ ಆಗೋದು. ಎಲ್ಲರಿಗೂ ಆಗಲ್ಲ, ಆದರೆ ಆದಾಗ ಡಾಕ್ಟರ್‌ಗೆ ಮಾತ್ರೆ ವಿಷಯ ಗೊತ್ತಿಲ್ಲದಿದ್ದರೆ ಅವರು ಸೋಂಕು ಇರಬಹುದಾ, ಜ್ವರ ಇರಬಹುದಾ ಅಂತ ಬೇರೆ ಕಡೆ ಹುಡುಕುತ್ತಾ ಕೂರುತ್ತಾರೆ. ಡೈಕ್ಲೋಫಿನಾಕ್ ಥರದ ನೋವಿನ ಮಾತ್ರೆ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಸಾಧ್ಯತೆಯೂ ಸ್ವಲ್ಪ ಜಾಸ್ತಿ. ಗೊತ್ತಿದ್ದರೆ ಇವೆಲ್ಲಾ ಐದು ನಿಮಿಷದ ಕೆಲಸ, ಬೇರೆ ಔಷಧಿ ಬರೆದರಾಯಿತು. ಮತ್ತೆ ಇನ್ನೊಂದು: ಹೇಳೋದು ತಪ್ಪಿಸೋಕೆ ಅಂತ ಮಾತ್ರೆಯನ್ನೇ ನಾಲ್ಕು ದಿನ ಮುಂಚೆ ನಿಲ್ಲಿಸಿಬಿಡೋಣ ಅಂತ ಯೋಚಿಸಿದ್ದರೆ (ತುಂಬಾ ಜನ ಇದೇ ಮಾಡುತ್ತಾರೆ) ಬೇಡವೇ ಬೇಡ. ಏಕ್‌ದಂ ನಿಲ್ಲಿಸಿದರೆ ತಲೆ ಸುತ್ತು, ವಾಕರಿಕೆ, ನಿದ್ದೆ ಇಲ್ಲದಿರೋದು ಎಲ್ಲಾ ಶುರುವಾಗುತ್ತದೆ, ಆಪರೇಷನ್ ಸಮಯದಲ್ಲಿ ಅದು ಯಾರಿಗೂ ಬೇಕಾಗಿಲ್ಲ.

ನನ್ನ ಹತ್ತಿರ ಬಂದ ಒಬ್ಬರ ವಿಷಯ ಹೇಳುತ್ತೇನೆ, ಊರು ಹೆಸರು ಬೇಡ. ಮಂಡಿ ನೋವು ಅಂತ ಬರುತ್ತಿದ್ದರು. ನಾನು ಎರಡು ವಾರಕ್ಕೆ ನೋವಿನ ಮಾತ್ರೆ ಬರೆದೆ. ಬೇರೆ ಏನಾದರೂ ಮಾತ್ರೆ ತಗೋತೀರಾ ಅಂತ ಕೇಳಿದ್ದೆ, ಇಲ್ಲ ಅಂದರು. ಹತ್ತನೇ ದಿನಕ್ಕೆ ಮಗ ಆಟೋದಲ್ಲಿ ಕರೆದುಕೊಂಡು ಬಂದ. ಕೈ ಎಷ್ಟು ನಡುಗುತ್ತಿತ್ತು ಅಂದರೆ ನೀರಿನ ಲೋಟ ಬಾಯಿಗೆ ಸೇರುತ್ತಿರಲಿಲ್ಲ, ಮಾತು ತೊದಲುತ್ತಿತ್ತು, ವಾಂತಿ ಬೇರೆ. ಆಮೇಲೆ ಗೊತ್ತಾಯಿತು, ಅವರು ವರ್ಷಗಳಿಂದ ಬೇರೆ ಊರಿನ ಡಾಕ್ಟರ ಹತ್ತಿರ ಲಿಥಿಯಂ ಅನ್ನೋ ಮನಸ್ಸಿನ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ನಾನು ಕೊಟ್ಟ ನೋವಿನ ಮಾತ್ರೆ ಆ ಲಿಥಿಯಂ ಮೈಯಿಂದ ಹೊರಗೆ ಹೋಗದ ಹಾಗೆ ತಡೆದು, ರಕ್ತದಲ್ಲಿ ಅದರ ಮಟ್ಟ ಏರಿಸಿಬಿಟ್ಟಿತ್ತು. ಉಳಿದುಕೊಂಡರು, ಪುಣ್ಯ. ಯಾಕೆ ಹೇಳಲಿಲ್ಲ ಅಂತ ಕೇಳಿದೆ. ಅವರು ನನ್ನ ಮುಖ ನೋಡಲಿಲ್ಲ. ಹೊರಗೆ ಚೀಟಿ ಕೊಡುತ್ತಿದ್ದ ನನ್ನ ಕಾಂಪೌಂಡರ್ ಕಡೆ ಕಣ್ಣು ತೋರಿಸಿದರು. ಅವನು ಅವರ ಸೊಸೆಯ ಊರಿನವನು.

ಆಗ ನನಗೆ ಹೊಳೆದ ವಿಷಯ ಇದು. ಆ ಮನುಷ್ಯನಿಗೆ ನನ್ನ ಮೇಲೆ ನಂಬಿಕೆ ಇತ್ತು. ಇಲ್ಲದೇ ಇದ್ದದ್ದು ನನ್ನ ಬಾಗಿಲ ಮೇಲೆ. ನಿಮಗೂ ಅಷ್ಟೇ ಅಲ್ವಾ, ಸರ್ಜನ್ ಮೇಲೆ ಅನುಮಾನ ಅಂತ ನೀವೇನೂ ಬರೆದಿಲ್ಲ, ಬರೆದಿರೋದು ರಿಸೆಪ್ಷನ್ ಬಗ್ಗೆ, ಲ್ಯಾಬ್ ಬಗ್ಗೆ.

ಗುಟ್ಟು ಕಾಯುವ ಪ್ರಮಾಣ ಮಾಡೋದು ಡಾಕ್ಟರು. ಫೈಲ್ ಹಿಡಿಯೋದು ಎಲ್ಲರೂ. ಒಂದು ಸಲ ಸುಮ್ನೆ ಕುಳಿತು ಎಣಿಸಿದೆ, ಒಬ್ಬ ಹರ್ನಿಯಾ ರೋಗಿಯ ಕೇಸ್ ಶೀಟ್ ಅಡ್ಮಿಷನ್‌ನಿಂದ ಡಿಸ್ಚಾರ್ಜ್‌ವರೆಗೆ ಎಷ್ಟು ಜನರ ಕೈಗೆ ಹೋಗುತ್ತದೆ ಅಂತ. ರಿಸೆಪ್ಷನ್, ಲ್ಯಾಬ್ ಹುಡುಗ, ಇಸಿಜಿ ತೆಗೆಯುವವರು, ಮೂರು ಪಾಳಿಯ ಸಿಸ್ಟರುಗಳು, ಆಯಾ, ಓಟಿ ಟೆಕ್ನಿಷಿಯನ್, ಮೆಡಿಕಲ್ ಶಾಪ್‌ನವರು, ಬಿಲ್ಲಿಂಗ್, ಇನ್ಶೂರೆನ್ಸ್ ಡೆಸ್ಕ್, ಕೊನೆಗೆ ರೆಕಾರ್ಡ್ ರೂಮ್. ಡಾಕ್ಟರುಗಳನ್ನು ಬಿಟ್ಟೇ 14 ಜನ. ಇವರಲ್ಲಿ ಯಾರೂ ಕೆಟ್ಟವರಲ್ಲ. ಆದರೆ ನಿಮ್ಮ ಕೈಯಲ್ಲಿರೋದು ಒಬ್ಬರ ಮಾನ ಅಂತ ಇವರಿಗೆ ಯಾರೂ ಯಾವತ್ತೂ ಕೂರಿಸಿ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ, ಲಿಥಿಯಂ ಘಟನೆ ಆಗುವವರೆಗೆ.

ನಮ್ಮ ಕ್ಲಿನಿಕ್ಕುಗಳು ಹೇಗಿರುತ್ತವೆ ಅಂತ ನಿಮಗೆ ಗೊತ್ತು. ಒಳಗೆ ಒಬ್ಬರು ಹೊಟ್ಟೆ ನೋವು ಹೇಳುತ್ತಿರುತ್ತಾರೆ, ಪಕ್ಕದ ಸ್ಟೂಲ್ ಮೇಲೆ ಮುಂದಿನ ಪೇಷಂಟು ಆಗಲೇ ಕೂತು ಕೇಳಿಸಿಕೊಳ್ಳುತ್ತಿರುತ್ತಾರೆ, ಬಾಗಿಲಲ್ಲಿ ಇನ್ನಿಬ್ಬರು ಇಣುಕುತ್ತಿರುತ್ತಾರೆ. ಲ್ಯಾಬ್‌ನ ಮೇಜಿನ ಮೇಲೆ ಒಂದು ಪ್ಲಾಸ್ಟಿಕ್ ಬುಟ್ಟಿ, ಅದರಲ್ಲಿ ಎಲ್ಲರ ರಿಪೋರ್ಟು, ನಿಮ್ಮದನ್ನು ನೀವೇ ಹುಡುಕಿಕೊಳ್ಳಿ ಅನ್ನುತ್ತಾರೆ. ಹುಡುಕುವಾಗ ಊರಿನ ಅರ್ಧ ಜನರ ಶುಗರ್ ಎಷ್ಟು ಅಂತ ಗೊತ್ತಾಗುತ್ತೆ. ಒಂದು ಸಲ ಬಸ್‌ಸ್ಟ್ಯಾಂಡ್ ಹತ್ತಿರ ಮಂಡಕ್ಕಿ ತೆಗೆದುಕೊಂಡೆ, ತಿಂದು ಮುಗಿಸಿ ಪೊಟ್ಟಣ ಬಿಡಿಸಿದರೆ ಯಾರದೋ ಥೈರಾಯ್ಡ್ ರಿಪೋರ್ಟು, ಹೆಸರು, ವಯಸ್ಸು, ಯಾವ ಡಾಕ್ಟರು ಬರೆದುಕೊಟ್ಟಿದ್ದು ಎಲ್ಲಾ ಎಣ್ಣೆ ಕಲೆಯ ನಡುವೆ ಸ್ಪಷ್ಟವಾಗಿತ್ತು. ದೊಡ್ಡ ದೊಡ್ಡ ಹ್ಯಾಕರ್‌ಗಳ ಸುದ್ದಿ ಓದಿ ನಾವು ಹೆದರುತ್ತೇವೆ, ಅದೂ ನಿಜವೇ. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳ ಮೇಲೆ ದಾಳಿ ಆಗಿ ಸುಮಾರು ಎರಡು ವಾರ ಎಲ್ಲವನ್ನೂ ಕೈಯಲ್ಲೇ ಬರೆದು ನಡೆಸಬೇಕಾಯಿತು. ಆದರೆ ನಿಮ್ಮ ಊರಿನಲ್ಲಿ ನಿಮ್ಮ ವಿಷಯ ಹರಡೋದು ಹ್ಯಾಕರ್‌ನಿಂದ ಅಲ್ಲ. ಹ್ಯಾಕರ್‌ಗೆ ನಿಮ್ಮ ಓರಗಿತ್ತಿ ಯಾರು ಅಂತ ಗೊತ್ತಿಲ್ಲ.

ಬೇರೆಯವರನ್ನೇ ದೂರುತ್ತಿದ್ದೇನೆ ಅಂದುಕೊಳ್ಳಬೇಡಿ, ನನ್ನ ತಪ್ಪೂ ಒಂದಿದೆ. ಹಲವು ವರ್ಷದ ಹಿಂದೆ ಒಂದು ಮದುವೆ ಊಟದ ಪಂಕ್ತಿ. ಎದುರು ಸಾಲಿನಲ್ಲಿ ನನ್ನ ಪೇಷಂಟ್ ಒಬ್ಬರು ಕೂತಿದ್ದರು, ಪಕ್ಕದಲ್ಲಿ ಅವರ ಅತ್ತೆ. ಪಾಯಸ ಬಡಿಸುತ್ತಿದ್ದರು. ನಾನು ಅಕ್ಕರೆಯಿಂದಲೇ, ಜೋರಾಗಿ, ಈಗ ನಿದ್ದೆ ಚೆನ್ನಾಗಿ ಬರುತ್ತಾ, ಮಾತ್ರೆ ಅರ್ಧ ಮಾಡಿದ್ವಲ್ಲ ಅಂತ ಕೇಳಿಬಿಟ್ಟೆ. ಆಕೆ ಎಲೆ ನೋಡುತ್ತಾ ತಲೆ ಆಡಿಸಿದರು. ಅತ್ತೆ ನನ್ನ ಕಡೆ ತಿರುಗಿ, ಯಾವ ಮಾತ್ರೆ ಡಾಕ್ಟ್ರೇ ಅಂದರು. ಏನೋ ಹೇಳಿ ಸಾಗಹಾಕಿದೆ, ಆದರೆ ಮಾತು ಬಿದ್ದಾಗಿತ್ತು. ಆಮೇಲೆ ಆಕೆ ನನ್ನ ಕ್ಲಿನಿಕ್ಕಿಗೆ ಬರಲೇ ಇಲ್ಲ. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತಾರಲ್ಲ, ಇಲ್ಲಿ ಅಡಕೆಯೂ ಇರಲಿಲ್ಲ, ಬರೀ ಕುಶಲ ವಿಚಾರಿಸಿದ್ದು. ಈಗ ಸಂತೆಯಲ್ಲೋ ಜಾತ್ರೆಯಲ್ಲೋ ಪೇಷಂಟ್ ಸಿಕ್ಕರೆ ಅವರೇ ಮಾತಾಡಿಸುವವರೆಗೆ ನಾನು ಪರಿಚಯದ ನಗೆಯನ್ನೂ ನಗುವುದಿಲ್ಲ. ಕೆಲವರು ನನ್ನನ್ನು ಜಂಬದ ಡಾಕ್ಟರ್ ಅಂತಾರೆ. ಇರಲಿ ಬಿಡಿ.

ಇನ್ನು ಮನೆಯವರ ವಿಷಯ. ಇದು ನಮ್ಮಲ್ಲಿ ಎಲ್ಲಕ್ಕಿಂತ ದೊಡ್ಡ ತೂತು, ಮತ್ತು ನಾವು ಡಾಕ್ಟರುಗಳೇ ಮಾಡಿದ್ದು. ಹೆಂಗಸರು ಬಂದರೆ ಗಂಡನನ್ನು ಕರೆದು ಹೇಳುತ್ತೇವೆ. ವಯಸ್ಸಾದವರು ಬಂದರೆ ಮಗನನ್ನು ಕರೆದು ಹೇಳುತ್ತೇವೆ. ಜೊತೆಗೆ ಯಾರು ಬಂದಿದ್ದಾರೆ ಅನ್ನೋದೇ ನಮ್ಮ ಮೊದಲ ಪ್ರಶ್ನೆ. ರಾತ್ರಿ ಕಾಯೋದು, ಔಷಧಿ ತರೋದು, ದುಡ್ಡು ಕಟ್ಟೋದು ಎಲ್ಲಾ ಮನೆಯವರೇ ಮಾಡುವಾಗ ಅವರನ್ನು ಹೊರಗಿಡೋದು ಕಷ್ಟ, ಅದು ನಿಜ. ಆದರೆ ಜೊತೆಗಿದ್ದ ಮಾತ್ರಕ್ಕೆ ಎಲ್ಲಾ ತಿಳಿಯುವ ಹಕ್ಕು ಬರುವುದಿಲ್ಲ. ನಿಮ್ಮ ಯಜಮಾನರಿಗೆ ಗೊತ್ತು ಅಂದಿರಿ, ಒಳ್ಳೆಯದಾಯಿತು. ಆಸ್ಪತ್ರೆಯಲ್ಲಿ ಅವರೇ ಇರಲಿ, ಮತ್ತು ಮೊದಲ ದಿನವೇ ಡಾಕ್ಟರ್‌ಗೆ ಹೇಳಿ: ನನ್ನ ವಿಷಯ ಇವರೊಬ್ಬರ ಹತ್ತಿರ ಮಾತ್ರ ಮಾತಾಡಿ, ಬೇರೆ ಯಾರು ಬಂದು ಕೇಳಿದರೂ ಕಲ್ಲಿನ ಆಪರೇಷನ್ ಅಂತಷ್ಟೇ ಹೇಳಿ. ಇದನ್ನು ಕೇಳಿ ಯಾವ ಡಾಕ್ಟರೂ ಕೋಪ ಮಾಡಿಕೊಳ್ಳಲ್ಲ. ಮಾಡಿಕೊಂಡರೆ ಬೇರೆ ಕಡೆ ಹೋಗಿ, ಪಿತ್ತಕೋಶದ ಆಪರೇಷನ್ ಮಾಡೋರು ಎಲ್ಲಾ ಕಡೆ ಇದ್ದಾರೆ.

ಹಾಗಾದರೆ ಯಾರ ಹತ್ತಿರ ಹೇಳೋದು, ಹೇಗೆ ಹೇಳೋದು? ರಿಸೆಪ್ಷನ್‌ನಲ್ಲಿ ಫಾರಂ ತುಂಬುವಾಗ ಬೇರೆ ಕಾಯಿಲೆ ಇದೆಯಾ ಅಂತ ಕೇಳಿದರೆ, ಅದನ್ನು ಡಾಕ್ಟರ್ ಹತ್ತಿರ ಹೇಳುತ್ತೇನೆ ಅನ್ನಿ, ಅಷ್ಟು ಸಾಕು. ಆ ಹುಡುಗಿಗೆ ಹೇಳಬೇಕಾದ ಯಾವ ಅಗತ್ಯವೂ ಇಲ್ಲ. ಆಪರೇಷನ್‌ಗೆ ಮುಂಚೆ ಅರಿವಳಿಕೆ ಡಾಕ್ಟರು ಒಂದು ತಪಾಸಣೆ ಮಾಡುತ್ತಾರೆ. ಅದೇ ನಿಮ್ಮ ಜಾಗ. ಸರ್ಜನ್‌ಗಿಂತ ಅವರಿಗೇ ಇದು ಜಾಸ್ತಿ ಬೇಕಾಗಿರೋದು. ಬಾಗಿಲು ಹಾಕಿಸಿ, ಸಿಸ್ಟರನ್ನು ಎರಡು ನಿಮಿಷ ಹೊರಗೆ ಇರಲು ಹೇಳಬಹುದಾ ಅಂತ ಕೇಳಿ. ಬಾಯಲ್ಲಿ ಹೇಳಲು ಮುಜುಗರ ಆದರೆ ಮಾತ್ರೆಯ ಹೆಸರು, ಎಷ್ಟು ಎಂಜಿ, ಯಾವಾಗಿನಿಂದ ಅಂತ ಚೀಟಿಯಲ್ಲಿ ಬರೆದು ಕೈಗೆ ಕೊಡಿ.

ಅದನ್ನು ಕೇಸ್ ಶೀಟ್‌ನಲ್ಲಿ ಬರೆಯಬೇಡಿ ಅಂತ ಮಾತ್ರ ಕೇಳಬೇಡಿ. ರಾತ್ರಿ ಎರಡು ಗಂಟೆಗೆ ನಿಮಗೆ ನೋವು ಜಾಸ್ತಿ ಆದರೆ ಬರೋದು ಬೇರೆ ಡ್ಯೂಟಿ ಡಾಕ್ಟರು, ಅವರು ನೋಡೋದು ಆ ಹಾಳೆಯನ್ನೇ. ಆದರೆ ಹೇಗೆ ಬರೆಯಬೇಕು ಅಂತ ಕೇಳಬಹುದು. ಔಷಧಿಯ ಪಟ್ಟಿಯಲ್ಲಿ ಮಾತ್ರೆಯ ಹೆಸರು ಇರಲಿ, ಫೈಲಿನ ರಟ್ಟಿನ ಮೇಲೆ, ಹಾಸಿಗೆಯ ಕಾಲಿಗೆ ನೇತುಹಾಕುವ ಬೋರ್ಡಿನ ಮೇಲೆ ಬೇಡ. ಸಿಸ್ಟರುಗಳು ಪಾಳಿ ಬದಲಾಗುವಾಗ ವಾರ್ಡಿನ ಮಧ್ಯೆ ನಿಂತು, ಏಳನೇ ಬೆಡ್ ಡಿಪ್ರೆಶನ್ ಕೇಸು ಅಂತ ಕೂಗುವ ಅಭ್ಯಾಸ ಇರುತ್ತದೆ. ಅದನ್ನು ತಡೆಯೋಕೆ ಹೇಳುವಂತೆ ಡಾಕ್ಟರನ್ನೇ ಕೇಳಿಕೊಳ್ಳಿ, ಅವರ ಮಾತು ನಡೆಯುತ್ತೆ.

ಇದೆಲ್ಲಾ ದಾಕ್ಷಿಣ್ಯದ ಮೇಲೆ ನಡೆಯೋ ವಿಷಯ ಅಂದುಕೊಳ್ಳಬೇಡಿ, ಕಾನೂನು ನಿಮ್ಮ ಕಡೆ ಇದೆ. ಮಾನಸಿಕ ಆರೋಗ್ಯ ಕಾಯ್ದೆ 2017ರಲ್ಲಿ ಬಂತು, 2018ರ ಮೇ ತಿಂಗಳಿಂದ ಜಾರಿಯಲ್ಲಿದೆ. ಅದರ 23ನೇ ಸೆಕ್ಷನ್ ಪ್ರಕಾರ ನಿಮ್ಮ ಮಾನಸಿಕ ಆರೋಗ್ಯದ ವಿಷಯ ಗುಟ್ಟಾಗಿಡೋದು ನಿಮ್ಮ ಹಕ್ಕು. ಚಿಕಿತ್ಸೆಗೆ ಬೇಕಾದಷ್ಟನ್ನು ಬೇರೆ ಡಾಕ್ಟರಿಗೆ ತಿಳಿಸೋದು, ಕೋರ್ಟ್ ಆದೇಶ, ಯಾರದಾದರೂ ಪ್ರಾಣಕ್ಕೆ ಅಪಾಯ, ಹೀಗೆ ಕೆಲವೇ ಕಾರಣಕ್ಕೆ ಅದನ್ನು ಮೀರಬಹುದು. ಬೀದಿಯವಳ ಕುತೂಹಲ ಆ ಪಟ್ಟಿಯಲ್ಲಿ ಇಲ್ಲ. ಡಾಕ್ಟರುಗಳ ನಡತೆಗೆ 2002ರ ನಿಯಮಗಳಿವೆ, ಅವೂ ಇದನ್ನೇ ಹೇಳುತ್ತವೆ. ಜೊತೆಗೆ ಒಳರೋಗಿಗಳ ದಾಖಲೆಯನ್ನು ಮೂರು ವರ್ಷ ಇಟ್ಟಿರಬೇಕು, ನೀವು ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತಲೂ ಇದೆ. ಆಮೇಲೆ 2017ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂದರಲ್ಲ, ಆ ಅರ್ಜಿ ಹಾಕಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆಧಾರ್ ಬಗ್ಗೆ ಶುರುವಾದ ಕೇಸು ಆಸ್ಪತ್ರೆಯ ಫೈಲಿನವರೆಗೂ ಬಂದು ಮುಟ್ಟುತ್ತದೆ.

ಮೊದಲು ಹೀಗಿರಲಿಲ್ಲ. 1998ರ ಒಂದು ತೀರ್ಪು ನಮ್ಮ ಓದಿನ ಕಾಲದಲ್ಲಿ ಬಹಳ ಚರ್ಚೆ ಆಗುತ್ತಿತ್ತು, ಎಕ್ಸ್ ವಿರುದ್ಧ ಆಸ್ಪತ್ರೆ ಝಡ್ ಅಂತಲೇ ಅದರ ಹೆಸರು. ಆ ಎಕ್ಸ್ ಸ್ವತಃ ಡಾಕ್ಟರು. ಬೇರೆಯವರ ಆಪರೇಷನ್‌ಗೆ ರಕ್ತ ಕೊಡಲು ಹೋದಾಗ ಎಚ್‌ಐವಿ ಇದೆ ಅಂತ ಗೊತ್ತಾಯಿತು. ಆ ಸುದ್ದಿ ಆಸ್ಪತ್ರೆಯಿಂದ ಹೊರಬಿದ್ದು ಮದುವೆ ನಿಂತುಹೋಯಿತು, ಊರು ಬಿಡಬೇಕಾಯಿತು. ಮದುವೆ ಆಗಬೇಕಿದ್ದ ಹುಡುಗಿಯ ಜೀವ ದೊಡ್ಡದು, ಆಸ್ಪತ್ರೆಯದು ತಪ್ಪಲ್ಲ ಅಂತ ಕೋರ್ಟ್ ಹೇಳಿತು. ಹುಡುಗಿಗೆ ತಿಳಿಯಬೇಕಿತ್ತು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಹುಡುಗಿಗೆ ತಿಳಿಸೋದು ಬೇರೆ, ಊರಿಗೆಲ್ಲಾ ತಿಳಿಯೋದು ಬೇರೆ, ಆ ವ್ಯತ್ಯಾಸಕ್ಕೆ ತೀರ್ಪಿನಲ್ಲಿ ಸಿಗಬೇಕಾದ ಜಾಗ ಸಿಗಲಿಲ್ಲ ಅಂತ ನನಗೆ ಆಗಲೂ ಅನಿಸಿತ್ತು, ಈಗಲೂ ಅನಿಸುತ್ತೆ. ಎಚ್‌ಐವಿಗೆ ಅಂತಲೇ ಬೇರೆ ಕಾಯ್ದೆ ಬಂದು, 2018ರ ಸೆಪ್ಟೆಂಬರ್‌ನಲ್ಲಿ ಜಾರಿಯಾದ ಮೇಲೆ, ಒಪ್ಪಿಗೆ ಇಲ್ಲದೆ ಹೇಳಬಾರದು, ಸಂಗಾತಿಗೆ ಹೇಳಬೇಕಾದರೂ ಇಂಥ ರೀತಿಯಲ್ಲೇ ಹೇಳಬೇಕು ಅಂತ ಸ್ಪಷ್ಟವಾಯಿತು.

ಕೋವಿಡ್ ಬಂದಾಗ ನಾವು ಇದೆಲ್ಲಾ ಮರೆತೆವು. 2020ರ ಮಾರ್ಚ್‌ನಲ್ಲಿ ನಮ್ಮ ರಾಜ್ಯದಲ್ಲೇ ಹೋಂ ಕ್ವಾರಂಟೈನ್‌ನಲ್ಲಿ ಇರುವವರ ವಿಳಾಸಗಳ ಪಟ್ಟಿ ಬಹಿರಂಗ ಮಾಡಿದರು. ಕ್ಷಣದಲ್ಲಿ ಅದು ವಾಟ್ಸಾಪ್‌ನಲ್ಲಿ ಓಡಾಡಿತು. ಕೈಗೆ ಮುದ್ರೆ, ಬಾಗಿಲಿಗೆ ಸ್ಟಿಕ್ಕರ್. ಬಾಗಿಲಿಗೆ ಪೋಸ್ಟರ್ ಅಂಟಿಸೋದಕ್ಕೆ ಸುಪ್ರೀಂ ಕೋರ್ಟ್ ಕಡಿವಾಣ ಹಾಕಿದ್ದು ಆ ವರ್ಷದ ಡಿಸೆಂಬರ್‌ನಲ್ಲಿ. ಅಷ್ಟರಲ್ಲಿ ನನ್ನ ಕ್ಲಿನಿಕ್ಕಿಗೆ ಬರುವವರು ಕೆಮ್ಮನ್ನೇ ಮುಚ್ಚಿಡೋದು ಕಲಿತಾಗಿತ್ತು. ಧೂಳು ಡಾಕ್ಟ್ರೇ, ಒಗ್ಗರಣೆ ಘಾಟು ಡಾಕ್ಟ್ರೇ ಅನ್ನೋರು. ಟೆಸ್ಟ್ ಬರೆದುಕೊಟ್ಟರೆ ಚೀಟಿ ಮಡಚಿ ಜೇಬಿಗೆ ಹಾಕಿ ಮನೆಗೆ ಹೋಗೋರು. ಅವರನ್ನು ನಾನು ಬೈಯಲಾರೆ, ನೆರೆಮನೆಯವರ ಬಾಗಿಲ ಸ್ಟಿಕ್ಕರ್ ಅವರು ನೋಡಿದ್ದರು.

ಆಭಾ ನಂಬರ್ ಕೇಳಿದ್ದೀರಿ. ಅದು 14 ಅಂಕಿಯ ಆರೋಗ್ಯ ಗುರುತಿನ ಸಂಖ್ಯೆ, 2021ರಲ್ಲಿ ದೇಶಾದ್ಯಂತ ಶುರುವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನದು. ಕಡ್ಡಾಯ ಅಲ್ಲ. ಇಲ್ಲದಿದ್ದರೆ ಆಪರೇಷನ್ ಮಾಡಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. ತುಂಬಾ ಜನ ಅಂದುಕೊಂಡ ಹಾಗೆ ನಮ್ಮ ರಿಪೋರ್ಟುಗಳೆಲ್ಲಾ ದೆಹಲಿಯ ಒಂದು ಕಂಪ್ಯೂಟರಿನಲ್ಲಿ ಹೋಗಿ ಕೂರಲ್ಲ. ದಾಖಲೆ ಆಯಾ ಆಸ್ಪತ್ರೆಯಲ್ಲೇ ಇರುತ್ತದೆ, ಆ ನಂಬರ್‌ಗೆ ಜೋಡಿಸಿರುತ್ತಾರೆ, ಇನ್ನೊಬ್ಬ ಡಾಕ್ಟರು ನೋಡಬೇಕಾದರೆ ನಿಮ್ಮ ಮೊಬೈಲಿಗೆ ಒಪ್ಪಿಗೆ ಕೇಳಿ ಬರುತ್ತದೆ, ಎಷ್ಟು ದಿನ ಅಂತ ನೀವೇ ಹೇಳಬಹುದು, ಆಮೇಲೆ ಬೇಡ ಅಂತ ವಾಪಸ್ ತೆಗೆದುಕೊಳ್ಳಬಹುದು. ಕಾಗದದ ಮೇಲೆ ಚೆನ್ನಾಗಿದೆ. ತೊಂದರೆ ಇರೋದು ಆ ಮೊಬೈಲ್ ಯಾರದು ಅನ್ನೋದರಲ್ಲಿ. ನಮ್ಮ ಮನೆಗಳಲ್ಲಿ ಅಮ್ಮನ ಆಧಾರ್‌ಗೆ ಮಗನ ನಂಬರ್, ಹೆಂಡತಿಯದಕ್ಕೆ ಗಂಡನ ನಂಬರ್, ಕೆಲವು ಕಡೆ ಇಡೀ ಮನೆಗೆ ಒಂದೇ ನಂಬರ್. ಒಪ್ಪಿಗೆಯ ಓಟಿಪಿ ಹೋಗೋದೇ ಅಲ್ಲಿಗೆ ಆದರೆ ಆ ಒಪ್ಪಿಗೆ ಯಾರದು? ನಿಮ್ಮ ಮೈದುನನಿಗೆ ರಿಪೋರ್ಟ್ ಹೋದದ್ದೂ ಹೀಗೇ ಆಗಿರುತ್ತೆ, ಯಾವತ್ತೋ ಅವರು ನಿಮ್ಮ ಜೊತೆ ಬಂದು ತಮ್ಮ ನಂಬರ್ ಬರೆಸಿರುತ್ತಾರೆ, ಲ್ಯಾಬ್‌ನ ಕಂಪ್ಯೂಟರ್ ಅದನ್ನೇ ಹಿಡಿದುಕೊಂಡಿರುತ್ತೆ. ಆದ್ದರಿಂದ ಮೊದಲು ಆಧಾರ್‌ನಲ್ಲಿ, ಆಸ್ಪತ್ರೆಯಲ್ಲಿ, ಲ್ಯಾಬ್‌ನಲ್ಲಿ ಎಲ್ಲಾ ಕಡೆ ನಿಮ್ಮದೇ ನಂಬರ್ ಮಾಡಿಸಿ. ಅದಾದ ಮೇಲೆ ಆಭಾ ಬೇಕಾ ಅಂತ ನಿಧಾನವಾಗಿ ಯೋಚಿಸಿ. ನನ್ನನ್ನು ಕೇಳಿದರೆ ಈ ಆಪರೇಷನ್‌ಗೆ ಅದರ ಅವಸರ ಏನೂ ಇಲ್ಲ.

ಆ ಲ್ಯಾಬ್‌ನವರನ್ನು ಹಾಗೇ ಬಿಟ್ಟಿರಾ? ಮಾಲೀಕರಿಗೆ ನಾಲ್ಕು ಸಾಲು ಬರೆದು ಕೊಡಿ, ಬಾಯಿಮಾತಿಗಿಂತ ಕಾಗದಕ್ಕೆ ಬೆಲೆ ಜಾಸ್ತಿ. ಬಗ್ಗದಿದ್ದರೆ, ನಮ್ಮ ರಾಜ್ಯದ ಖಾಸಗಿ ಆಸ್ಪತ್ರೆಗಳಿಗೆ, ಲ್ಯಾಬ್‌ಗಳಿಗೆ ಕೆಪಿಎಂಇ ಕಾಯ್ದೆ ಇದೆ, ಅದರಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ ದೂರು ಕೊಡಬಹುದು. ಡಿಜಿಟಲ್ ವೈಯಕ್ತಿಕ ದತ್ತಾಂಶದ ಕಾಯ್ದೆ 2023ರಲ್ಲೇ ಪಾಸಾಗಿದೆ, ನಿಯಮಗಳು ಬಂದಿದ್ದು 2025ರ ನವೆಂಬರ್‌ನಲ್ಲಿ, ಮುಖ್ಯ ಭಾಗಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಗಡುವು. ದಂಡ 250 ಕೋಟಿ ರೂಪಾಯಿವರೆಗೆ ಅಂತ ಬರೆದಿದ್ದಾರೆ. ನಮ್ಮೂರಿನ ಪ್ಲಾಸ್ಟಿಕ್ ಬುಟ್ಟಿಯವರೆಗೆ ಅದು ಯಾವಾಗ ಬಂದು ಮುಟ್ಟುತ್ತೋ ನೋಡೋಣ.

ಒಂದು ಕಡೆ ಮಾತ್ರ ಮುಚ್ಚಿಡಬೇಡಿ, ಇನ್ಶೂರೆನ್ಸ್. ಪಾಲಿಸಿ ಮಾಡಿಸುವಾಗ ಮಾತ್ರೆ ವಿಷಯ ಕೇಳಿದ್ದರೆ ನಿಜವನ್ನೇ ಬರೆಯಬೇಕು, ಇಲ್ಲದಿದ್ದರೆ ಆಮೇಲೆ ಕ್ಲೇಮ್ ತಿರಸ್ಕರಿಸಲು ಅದೇ ನೆಪ ಆಗುತ್ತದೆ. ಯಜಮಾನರ ಆಫೀಸಿನ ಗ್ರೂಪ್ ಪಾಲಿಸಿ ಆಗಿದ್ದರೆ ಕಾಗದ ಪತ್ರಗಳನ್ನು ಆಫೀಸಿನ ಎಚ್‌ಆರ್ ಮೇಜಿನ ಮೂಲಕ ಕಳಿಸಬೇಡಿ, ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕ್‌ನಿಂದ ನೇರ ಟಿಪಿಎಗೆ, ಅಂದರೆ ಇನ್ಶೂರೆನ್ಸ್ ಕಂಪನಿಯ ಪರವಾಗಿ ಕ್ಲೇಮ್ ನೋಡುವವರಿಗೆ, ಹೋಗಲಿ. ಡಿಸ್ಚಾರ್ಜ್ ದಿನ ಹೊರಡುವ ಗಡಿಬಿಡಿಯಲ್ಲಿ ಸಮ್ಮರಿಯನ್ನು ಬ್ಯಾಗಿಗೆ ತುರುಕಬೇಡಿ, ಅಲ್ಲೇ ಕೂತು ಒಂದು ಸಲ ಓದಿ, ಬೇರೆಯವರ ಹಾಳೆ ಸೇರಿಕೊಂಡಿದೆಯಾ, ನಿಮ್ಮದು ಅಲ್ಲೇ ಉಳಿದಿದೆಯಾ ನೋಡಿ.

ಅಡ್ಮಿಟ್ ಆಗುವ ದಿನ ಮಾತ್ರೆಯ ಸ್ಟ್ರಿಪ್ ಜೊತೆಗೆ ಇರಲಿ. ಆವತ್ತು ಬೆಳಿಗ್ಗೆ ಒಂದು ಗುಟುಕು ನೀರಿನಲ್ಲಿ ಅದನ್ನು ನುಂಗಬೇಕಾ ಬೇಡವಾ ಅನ್ನೋದನ್ನು ಅರಿವಳಿಕೆ ಡಾಕ್ಟರನ್ನೇ ಕೇಳಿ, ಸಾಮಾನ್ಯವಾಗಿ ಮುಂದುವರಿಸಿ ಅಂತಲೇ ಹೇಳುತ್ತಾರೆ. ಮೈಸೂರಿನ ನಿಮ್ಮ ಡಾಕ್ಟರಿಗೂ ಒಂದು ಫೋನ್ ಮಾಡಿ ಆಪರೇಷನ್ ಇದೆ ಅಂತ ತಿಳಿಸಿಡಿ. ಫೋನ್ ಮಾತ್ರ ಸ್ಟಾಫ್ ರೂಮಿನಿಂದ ಬೇಡ.